ಮುಂಡಾಸಿನ ಕೆಂಪು ಮತ್ತು ನಾನು ಬಳಸಿದ ಎರಡು ಮಾನಿಟರ್‌ಗಳು

ಉಡುಪಿಯ ಕಲ್ಸಂಕದ ಹತ್ತಿರ ಒಂದು ಸಣ್ಣ ಕೋಣೆಯಲ್ಲಿ ನಾನು ಮದುವೆಯ ಆಲ್ಬಂ, ಆಮಂತ್ರಣ ಪತ್ರಿಕೆ ಮತ್ತು ಯಕ್ಷಗಾನದ ಕರಪತ್ರಗಳನ್ನು ವಿನ್ಯಾಸ ಮಾಡುತ್ತೇನೆ. ಎರಡು ವರ್ಷಗಳ ಹಿಂದೆ 1,42,000 ರೂಪಾಯಿಗೆ, ಹದಿನೆಂಟು ತಿಂಗಳ ಕಂತಿನಲ್ಲಿ, ವೃತ್ತಿಪರ ಛಾಯಾಗ್ರಾಹಕರಿಗೆಂದೇ ತಯಾರಾದ 27 ಇಂಚಿನ 4ಕೆ, ಅಂದರೆ ಬಹಳ ಒತ್ತೊತ್ತಾದ ಚುಕ್ಕೆಗಳ, ಮಾನಿಟರ್ ಕೊಂಡೆ. ಹದಿನಾಲ್ಕು ತಿಂಗಳು ಅದರಲ್ಲಿ ಕೆಲಸ ಮಾಡಿ ಮಾರಿಬಿಟ್ಟೆ. ಈಗ ಮೇಜಿನ ಮೇಲಿರುವುದು 26,500 ರೂಪಾಯಿಯ, ಅಷ್ಟೇ ಅಗಲದ ಸಾಮಾನ್ಯ ಐಪಿಎಸ್ (ಓರೆಯಿಂದ ನೋಡಿದರೂ ಬಣ್ಣ ಹೆಚ್ಚು ಬದಲಾಗದ ಬಗೆಯ) ಮಾನಿಟರ್. ಅದರ ಜೊತೆಗೆ 19,000 ರೂಪಾಯಿಯ ಕ್ಯಾಲಿಬ್ರೇಟರ್, ಅಂದರೆ ಪರದೆಗೆ ತೂಗುಬಿಟ್ಟು ಬಣ್ಣ ಅಳೆಯುವ ಪುಟ್ಟ ಸಾಧನ. ನನ್ನ ಕೆಲಸಕ್ಕೆ ಈ ಎರಡನೆಯ ಜೋಡಿಯೇ ಸರಿ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಇದಕ್ಕೆ ಕಾರಣವಾದದ್ದು ಒಂದು ಮುಂಡಾಸು. ಯಕ್ಷಗಾನದ ಬಡಗುತಿಟ್ಟಿನ ಹಿರಿಯ ವೇಷಧಾರಿಯೊಬ್ಬರ ಸನ್ಮಾನಕ್ಕೆಂದು ನಲವತ್ತು ಪುಟಗಳ ಆಲ್ಬಂ ಒಪ್ಪಿಕೊಂಡಿದ್ದೆ. ಚಿತ್ರಗಳನ್ನು ಫೋಟೋಶಾಪ್‌ನಲ್ಲಿ ತಿದ್ದಿದ ಮೇಲೆ, ನಮ್ಮಲ್ಲಿ ಬಹಳ ಸ್ಟುಡಿಯೋದವರು ಬಳಸುವಂಥ ಒಂದು ಹಳೆಯ ಆಲ್ಬಂ ಸಾಫ್ಟ್‌ವೇರ್‌ನಲ್ಲಿ ಪುಟ ಕೂಡಿಸುವಾಗ, ಮುಂಡಾಸಿನ ಕೆಂಪು ಕಣ್ಣಿಗೆ ಕುಕ್ಕುವಂತೆ ಕಂಡಿತು. ಅದರ ಮೇಲಿನ ಜರಿಯ ಪಟ್ಟಿ ಕೆಂಪಿನೊಳಗೆ ಮುಳುಗಿಹೋಗಿತ್ತು. ಒಂದೂವರೆ ಲಕ್ಷದ ಹತ್ತಿರ ಬೆಲೆಯ ಪರದೆ ತೋರಿಸುತ್ತಿರುವುದೇ ಸತ್ಯವೆಂದು ನಂಬಿ, ಪುಟಪುಟಕ್ಕೂ ಕೆಂಪನ್ನು ಇಳಿಸಿದೆ, ಕಸೆ ಸೀರೆಯ ಚೌಕುಳಿಯನ್ನೂ ಬಿಡಲಿಲ್ಲ. ಮಂಗಳೂರಿನ ಮುದ್ರಣದ ಲ್ಯಾಬ್‌ನಿಂದ ಆಲ್ಬಂ ತರಲು ಹೋದ ದಿನ ಅಲ್ಲಿಯವರು ಮೊದಲ ಪುಟ ತೆರೆದು, “ಎಂತ ಮಾರಾಯ್ರೆ, ಮುಂಡಾಸು ಹಂಚಿನ ಬಣ್ಣಕ್ಕೆ ತಿರುಗಿದೆಯಲ್ಲ?” ಎಂದರು. ನಿಜವಾಗಿಯೂ ಅದು ಮಳೆಗಾಲ ಕಂಡ ಮಂಗಳೂರು ಹಂಚಿನ ಬಣ್ಣವೇ ಆಗಿತ್ತು. ಆಲ್ಬಂ ಪೂರ್ತಿ ನನ್ನ ಖರ್ಚಿನಲ್ಲಿ ಮತ್ತೆ ಮುದ್ರಿಸಬೇಕಾಯಿತು.

ಲ್ಯಾಬ್‌ನದು ತಪ್ಪಲ್ಲ, ಪರದೆಯೂ ಕೆಟ್ಟಿರಲಿಲ್ಲ. ಚಿತ್ರದ ಕಡತದಲ್ಲಿ ಇರುವುದು ಬಣ್ಣವಲ್ಲ, ಅಂಕಿಗಳು. ಕೆಂಪಿಗೆ 255 ಎಂದು ಬರೆದಿದ್ದರೆ ಅದು ಯಾವ ಕೆಂಪು ಎಂಬುದನ್ನು ಕಡತಕ್ಕೆ ಅಂಟಿಕೊಂಡಿರುವ ಪ್ರೊಫೈಲ್ ಎಂಬ ವಿವರ ಹೇಳುತ್ತದೆ. 1996ರಲ್ಲಿ ರೂಪುಗೊಂಡ, ಸಾಮಾನ್ಯ ಪರದೆಗಳಿಗೆ ಬಳಸುವ ಎಸ್‌ಆರ್‌ಜಿಬಿ ಎಂಬ ಬಣ್ಣದ ಅಳತೆಯ ಕೆಂಪು ಒಂದು. ಸಿನಿಮಾ ಪ್ರದರ್ಶನಕ್ಕೆಂದು ಬಂದ ಪಿ3 ಅಳತೆಯ ಕೆಂಪು ಅದಕ್ಕಿಂತ ಗಾಢವಾದದ್ದು. ನನ್ನ ದುಬಾರಿ ಮಾನಿಟರ್ ಅಡೋಬ್ ಆರ್‌ಜಿಬಿ (ಎಸ್‌ಆರ್‌ಜಿಬಿಗಿಂತ ವಿಶಾಲವಾದ ಇನ್ನೊಂದು ಅಳತೆ) ಮತ್ತು ಪಿ3 ಎರಡರ ಬಹುಪಾಲು ಬಣ್ಣಗಳನ್ನು ತೋರಿಸಬಲ್ಲದು, ಅದರ ಹೆಚ್ಚುಗಾರಿಕೆಯೇ ಅದು. ಫೋಟೋಶಾಪ್ ಪ್ರೊಫೈಲನ್ನು ಓದಿ, ಈ ಅಂಕಿಗೆ ಈ ಪರದೆಯಲ್ಲಿ ಎಷ್ಟು ಕೆಂಪು ಬೇಕೆಂದು ಲೆಕ್ಕ ಹಾಕಿ ತೋರಿಸುತ್ತದೆ. ಪ್ರೊಫೈಲ್ ಓದದ ಆಲ್ಬಂ ಸಾಫ್ಟ್‌ವೇರ್ ಅಂಕಿಯನ್ನು ಹಾಗೆಯೇ ಪರದೆಗೆ ದಾಟಿಸುತ್ತದೆ, ಪರದೆ ಅದನ್ನು ತನ್ನಲ್ಲಿರುವ ಅತಿ ಗಾಢ ಕೆಂಪೆಂದು ತಿಳಿಯುತ್ತದೆ. ಹಾಗಾಗಿ ಒಂದೇ ಮುಂಡಾಸು, ಒಂದೇ ಪರದೆಯ ಮೇಲೆ, ಎರಡು ಕಿಟಕಿಗಳಲ್ಲಿ ಎರಡು ಬಣ್ಣವಾಗಿ ಕಾಣುತ್ತದೆ. ಸಾಮಾನ್ಯ ಮಾನಿಟರ್‌ಗೆ ಎಸ್‌ಆರ್‌ಜಿಬಿಯನ್ನು ಹೆಚ್ಚು ಮೀರಿದ ಬಣ್ಣ ತೋರಿಸುವ ಶಕ್ತಿಯೇ ಇಲ್ಲದಿರುವುದರಿಂದ, ಪ್ರೊಫೈಲ್ ಓದದ ಸಾಫ್ಟ್‌ವೇರ್‌ನಲ್ಲಿಯೂ ಬಣ್ಣ ನಿಜಕ್ಕೆ ಹತ್ತಿರವೇ ಉಳಿಯುತ್ತದೆ.

ದುಬಾರಿ ಮಾನಿಟರ್‌ನಲ್ಲಿ ಎಸ್‌ಆರ್‌ಜಿಬಿ ಮೋಡ್ ಎಂಬುದೊಂದು ಇತ್ತು, ಕೆಳಗಿನ ಗುಂಡಿಯೊತ್ತಿ ಅದಕ್ಕೆ ಬದಲಾಯಿಸಬಹುದಿತ್ತು. ಆದರೆ ನನ್ನ ಮಾನಿಟರ್‌ನಲ್ಲಿ ಮೋಡ್ ಬದಲಾದರೂ ಕಂಪ್ಯೂಟರ್‌ನಲ್ಲಿರುವ ಪರದೆಯ ಪ್ರೊಫೈಲ್, ಅಂದರೆ ಈ ಪರದೆ ಬಣ್ಣ ತೋರಿಸುವ ರೀತಿಯ ವಿವರ, ತಾನಾಗಿ ಬದಲಾಗುತ್ತಿರಲಿಲ್ಲ, ಅದನ್ನೂ ಕೈಯಿಂದಲೇ ಬದಲಾಯಿಸಬೇಕಿತ್ತು. ಒಂದನ್ನು ಮಾಡಿ ಇನ್ನೊಂದನ್ನು ಮರೆತರೆ, ಅದುವರೆಗೆ ಸರಿಯಾಗಿ ತೋರಿಸುತ್ತಿದ್ದ ಫೋಟೋಶಾಪ್ ಕೂಡ ತಪ್ಪು ತೋರಿಸತೊಡಗುತ್ತದೆ. ಬೆಳಿಗ್ಗೆ ಮದುವೆಯ ಚಿತ್ರ ತಿದ್ದುವುದು, ನಡುವೆ ಗಿರಾಕಿ ಬಂದರೆ ಆಮಂತ್ರಣದ ಕರಡು ತೋರಿಸುವುದು, ಮತ್ತೆ ಆಲ್ಬಂಗೆ ಮರಳುವುದು, ಹೀಗೆ ದಿನಕ್ಕೆ ಹತ್ತು ಬಾರಿ ಕೆಲಸ ಬದಲಿಸುವ ನನಗೆ ಈ ಎರಡು ಹೆಜ್ಜೆಯ ಶಿಸ್ತು ಒಗ್ಗಲಿಲ್ಲ. ಮದುಮಗಳ ತಾಯಿಯೊಬ್ಬರು ಪಕ್ಕದಲ್ಲಿ ಕುಳಿತು, ಧಾರೆ ಸೀರೆಯ ಬಣ್ಣ ಇಷ್ಟು ಢಾಳವಾಗಿರಲಿಲ್ಲವೆಂದು ಹೇಳಿದಾಗ ಅವರಿಗೆ ಪ್ರೊಫೈಲ್ ವಿವರಿಸುತ್ತ ಕೂರುವುದೂ ಸಾಧ್ಯವಿರಲಿಲ್ಲ. ಕೊನೆಕೊನೆಗೆ ಅದನ್ನು ಸದಾ ಎಸ್‌ಆರ್‌ಜಿಬಿ ಮೋಡ್‌ನಲ್ಲಿಯೇ ಇಟ್ಟುಬಿಟ್ಟೆ. ಯಾವ ಗುಣಕ್ಕಾಗಿ ಹೆಚ್ಚಿನ ಲಕ್ಷ ರೂಪಾಯಿ ಕೊಟ್ಟಿದ್ದೆನೋ ಆ ಗುಣವನ್ನೇ ಮುಚ್ಚಿಟ್ಟು ಕಂತು ಕಟ್ಟುತ್ತಿದ್ದೇನೆ ಎಂದು ಮನಸ್ಸಿಗೆ ತಟ್ಟಿದ್ದು ಆಗ.

ನಾನು ಆಲ್ಬಂ ಕೊಡುವ ಲ್ಯಾಬ್‌ನವರು ಕೇಳುವುದು ಎಸ್‌ಆರ್‌ಜಿಬಿಯ, 8 ಬಿಟ್‌ನ ಜೆಪೆಗ್ ಕಡತವನ್ನೇ. 8 ಬಿಟ್‌ನಲ್ಲಿ ಸುಮಾರು 1.67 ಕೋಟಿ ಬಣ್ಣಗಳು, 10 ಬಿಟ್‌ನಲ್ಲಿ 107 ಕೋಟಿ. ಈ ಎರಡನೆಯ ಸಂಖ್ಯೆ ಡಬ್ಬದ ಮೇಲೆ ದೊಡ್ಡದಾಗಿಯೇ ಅಚ್ಚಾಗಿತ್ತು, ನನ್ನ ಆಲ್ಬಂಗಳಲ್ಲಿ ಮಾತ್ರ ಅದರ ಗುರುತು ಸಿಗಲಿಲ್ಲ.

ನಿಜವಾದ ಪ್ರಯೋಜನ ಕೊಟ್ಟದ್ದು ಕ್ಯಾಲಿಬ್ರೇಟರ್. ಹೊಸ ಸಾಮಾನ್ಯ ಮಾನಿಟರನ್ನು ಅರ್ಧ ಗಂಟೆ ಉರಿಯಲು ಬಿಟ್ಟು ಅಳೆದಾಗ, ಬಣ್ಣದ ವ್ಯತ್ಯಾಸ ಹೇಳುವ ಡೆಲ್ಟಾ ಇ ಸರಾಸರಿ 3.4 ಇತ್ತು, ಸರಿಪಡಿಸಿದ ಮೇಲೆ 0.9ಕ್ಕೆ ಇಳಿಯಿತು. 2ಕ್ಕಿಂತ ಕಡಿಮೆ ಇದ್ದರೆ ನನ್ನ ಕೆಲಸಕ್ಕೆ ಧಾರಾಳ. ಅದಕ್ಕಿಂತ ಮುಖ್ಯವಾದದ್ದು ಹೊಳಪು. ಡಬ್ಬದಿಂದ ತೆಗೆದಾಗ ಅದು 300 ನಿಟ್ಸ್‌ಗೂ (ಹೊಳಪಿನ ಅಳತೆ) ಮೇಲೆ ಉರಿಯುತ್ತಿತ್ತು. ಅಷ್ಟು ಹೊಳಪಿನಲ್ಲಿ ಚಿತ್ರ ಪರದೆಯ ಮೇಲೆ ಬೆಳ್ಳಗೆ ಕಂಡರೂ ಕಾಗದದ ಮೇಲೆ ಕಪ್ಪಾಗಿ ಬರುತ್ತದೆ. ಮುದ್ರಣದ ಕೆಲಸಕ್ಕೆ 80ರಿಂದ 120 ಸಾಕು, ನಾನು 100ಕ್ಕೆ ಇಳಿಸಿದ್ದೇನೆ. “ಪ್ರಿಂಟ್ ಕಪ್ಪಾಗಿ ಬಂದಿದೆ” ಎಂದು ಗಿರಾಕಿಗಳು ಹೇಳುತ್ತಿದ್ದ ದೂರು ಅಲ್ಲಿಗೆ ನಿಂತಿತು. ಕಿಟಕಿಯಾಚೆಯ ತೆಂಗು, ಬಾಳೆಗಳ ಹಸಿರು ಜೂನ್ ನಂತರ ಕೋಣೆಯ ಬಿಳಿ ಗೋಡೆಗೂ ಹತ್ತುತ್ತದೆ. ಬಣ್ಣ ನೋಡುವ ಹೊತ್ತಿಗೆ ಕಿಟಕಿಗೆ ಬೂದು ಬಟ್ಟೆಯ ಪರದೆ ಎಳೆಯುವುದನ್ನು ರೂಢಿ ಮಾಡಿಕೊಂಡಿದ್ದೇನೆ. ಹೊಳಪು ಇಳಿಸುವುದಕ್ಕೆ ದುಡ್ಡು ಬೇಕಿಲ್ಲ, ಬಟ್ಟೆಯ ಪರದೆಗೆ ಬೇಕಾದದ್ದೂ ಅಲ್ಪವೇ.

ದುಬಾರಿ ಮಾನಿಟರ್‌ನ ಎರಡು ಗುಣಗಳು ಈಗಲೂ ನೆನಪಾಗುತ್ತವೆ. ಬಿಳಿ ಪುಟ ತೆರೆದರೆ ಈ ಮೂಲೆಯಿಂದ ಆ ಮೂಲೆಯವರೆಗೆ ಒಂದೇ ಬಿಳಿ. ಈಗಿನದರಲ್ಲಿ ಬಲಗಡೆಯ ಕೆಳಮೂಲೆ ಅಂಗೈಯಗಲದಷ್ಟು ಹಳದಿ ತಿರುಗಿದೆ, ಕಪಾಟಿನಲ್ಲಿಟ್ಟು ಮರೆತ ಹಳೆಯ ಲಗ್ನಪತ್ರಿಕೆಯ ಹಾಗೆ. ನಾನು ಆ ಭಾಗಕ್ಕೆ ಉಪಕರಣಗಳ ಪಟ್ಟಿಯನ್ನು ಸರಿಸಿ, ಮುಖದ ಬಣ್ಣವನ್ನು ಎಡಕ್ಕೆ ತಂದು ನೋಡುತ್ತೇನೆ. ಇನ್ನೊಂದು ಅಕ್ಷರಗಳ ಸ್ಪಷ್ಟತೆ. 27 ಇಂಚಿನ 4ಕೆಯಲ್ಲಿ ಇಂಚಿಗೆ ಸುಮಾರು 163 ಚುಕ್ಕೆಗಳಿರುತ್ತವೆ, ಈಗಿನ ಕ್ಯೂಎಚ್‌ಡಿ ಪರದೆಯಲ್ಲಿ 109. ಕನ್ನಡದ ವಿನ್ಯಾಸ ಮಾಡುವವರಿಗೆ ಇದು ಸಣ್ಣ ಮಾತಲ್ಲ. ‘ಸುಮುಹೂರ್ತ’ದ ಅರ್ಕಾವೊತ್ತು, ‘ಸ್ವಸ್ತಿಶ್ರೀ’ಯ ಒತ್ತು ಸಣ್ಣ ಗಾತ್ರದಲ್ಲಿ 4ಕೆ ಪರದೆಯ ಮೇಲೆ ಅಚ್ಚಾದಂತೆಯೇ ಕಾಣುತ್ತಿತ್ತು, ಈಗ ಕರಡು ತಿದ್ದುವಾಗ ದೊಡ್ಡದು ಮಾಡಿಯೇ ನೋಡಬೇಕು.

ಬಣ್ಣದ ತಿದ್ದುಪಡಿ ಮಾನಿಟರ್‌ನೊಳಗೇ ಉಳಿಯುವ ಸೌಲಭ್ಯ ದುಬಾರಿಯದರಲ್ಲಿತ್ತು. ಒಂದೇ ಕಂಪ್ಯೂಟರ್ ಇರುವ ನನಗೆ ಅದರಿಂದ ಹೇಳುವಂಥ ಲಾಭ ಕಾಣಲಿಲ್ಲ. ರಿಪೇರಿಗೆ ಅದನ್ನು ಬೆಂಗಳೂರಿಗೆ ಕಳುಹಿಸಬೇಕಿತ್ತು, ಈಗಿನದಕ್ಕೆ ಮಂಗಳೂರಿನಿಂದಲೇ ಜನ ಬರುತ್ತಾರೆ.

ಆ ಮಾನಿಟರನ್ನು 78,000 ರೂಪಾಯಿಗೆ ಕೊಂಡವರು ಮಂಗಳೂರಿನಲ್ಲಿ ತುಳು ಚಿತ್ರಗಳಿಗೆ ಬಣ್ಣ ಹೊಂದಿಸುವ ನನ್ನ ಗೆಳೆಯರು. ಅವರ ಕಡತಗಳು ಪಿ3ಯಲ್ಲಿ, 10 ಬಿಟ್‌ನಲ್ಲಿಯೇ ಇರುತ್ತವೆ. ಅವರು ಬಳಸುವ ಸಾಫ್ಟ್‌ವೇರ್‌ಗೆ ಪರದೆಯನ್ನು ಅರಿತು ನಡೆಸುವುದು ಗೊತ್ತು, ಕತ್ತಲ ಕೋಣೆಯಲ್ಲಿ ದಿನವಿಡೀ ಅದೊಂದೇ ಕೆಲಸ. ಅವರ ಮೇಜಿನ ಮೇಲೆ ಅದನ್ನು ಕಂಡಾಗ ಕೊಟ್ಟ ಬೆಲೆಗೆ ತಕ್ಕ ವಸ್ತುವೆಂದೇ ನನಗೂ ಅನಿಸಿತು. ಚಿತ್ರಕಲಾವಿದರ ಕೃತಿಗಳನ್ನು ಮೂಲಕ್ಕೆ ಸರಿಗಟ್ಟಿ ಮುದ್ರಿಸುವವರಿಗೂ ನಾನು ಅದನ್ನೇ ಹೇಳುತ್ತೇನೆ, ಏಕೆಂದರೆ ಒಳ್ಳೆಯ ಮುದ್ರಣದಲ್ಲಿ ಬರುವ ಕೆಲವು ಹಸಿರು ಮತ್ತು ಹಸಿರುನೀಲಿ ಛಾಯೆಗಳು ಎಸ್‌ಆರ್‌ಜಿಬಿ ಪರದೆಯಲ್ಲಿ ಕಾಣಿಸಿಕೊಳ್ಳುವುದೇ ಇಲ್ಲ.

ನನಗೆ ಕೊರತೆಯಾಗಿರುವುದು ಒತ್ತಕ್ಷರಗಳ ಸ್ಪಷ್ಟತೆ ಮಾತ್ರ. ಯಕ್ಷಗಾನದ ತಿರುಗಾಟ ಮುಗಿಯುವ ಪತ್ತನಾಜೆ ಕಳೆದು ಮೇಳಗಳ ಕೆಲಸ ಬಿಡುವಾದ ಮೇಲೆ ಎಸ್‌ಆರ್‌ಜಿಬಿಯ ಮಟ್ಟದ್ದೇ ಆದ ಒಂದು ಸಾಮಾನ್ಯ 4ಕೆ ಮಾನಿಟರ್ ತಂದು, ಇದೇ ಕ್ಯಾಲಿಬ್ರೇಟರ್ ತೂಗುಬಿಟ್ಟು ಅಳೆಯಬೇಕೆಂದಿದ್ದೇನೆ. ಅದಕ್ಕೆಂದು 40,000 ರೂಪಾಯಿ ಎತ್ತಿಟ್ಟಿದ್ದೇನೆ.