ಪಿಯುಸಿ ಇಲ್ಲದವರಿಗೆ ಡಿಗ್ರಿ: ಎಕ್ಸ್‌ಟರ್ನಲ್ ಪಿಯು ಕಟ್ಟುವುದೋ, ಎನ್‌ಐಒಎಸ್ ಸೇರುವುದೋ?

ಎಸ್‌ಎಸ್‌ಎಲ್‌ಸಿ ಆದಮೇಲೆ ಓದು ನಿಂತುಹೋದವರು, ದ್ವಿತೀಯ ಪಿಯುಸಿ ಫೇಲಾಗಿ ಕೆಲಸಕ್ಕೆ ಸೇರಿಕೊಂಡವರು ಮತ್ತೆ ಡಿಗ್ರಿ ಮಾಡಬೇಕೆಂದು ಹೊರಟಾಗ ಮೊದಲು ಕೇಳುವುದು "ಯಾವುದು ಸುಲಭ?" ಎಂದು. ರಾಜ್ಯದ ಪಿಯು ಮಂಡಳಿ, ಕೇಂದ್ರದ ಮುಕ್ತ ಶಾಲಾ ಮಂಡಳಿಯಾದ ಎನ್‌ಐಒಎಸ್, ಎರಡೂ ಕಡೆಯ ಅರ್ಜಿ ತುಂಬಿಸಿ, ಆ ಅಂಕಪಟ್ಟಿ ಹಿಡಿದು ಕಾಲೇಜಿನ ಅಡ್ಮಿಷನ್ ಕೌಂಟರ್‌ವರೆಗೆ ಹೋಗಿ ನೋಡಿದ ಮೇಲೆ ನಾವು ಹೇಳುವುದಿಷ್ಟು: ಮುಂದೆ ಯಾವ ಡಿಗ್ರಿ, ಯಾವ ಭಾಷೆಯಲ್ಲಿ, ರೆಗ್ಯುಲರೋ ದೂರಶಿಕ್ಷಣವೋ ಎಂಬುದನ್ನು ಮೊದಲು ಗಟ್ಟಿ ಮಾಡಿಕೊಳ್ಳಿ. 12ನೇ ತರಗತಿಯ ದಾರಿಯನ್ನು ಆಮೇಲೆ ಆರಿಸಿ. ಉಲ್ಟಾ ಮಾಡಿದವರೇ ಹೆಚ್ಚು ಒದ್ದಾಡುತ್ತಾರೆ. ಪಾಸಾಗಿರುತ್ತಾರೆ, ಆದರೆ ಬೇಕಾದ ಕೋರ್ಸಿಗೆ ಆ ವಿಷಯವಾಗಲಿ ಆ ಅಂಕವಾಗಲಿ ಸಾಲುವುದಿಲ್ಲ.

ಎಕ್ಸ್‌ಟರ್ನಲ್ ಪಿಯು

ಕಾಲೇಜಿಗೆ ಹೋಗದೆ ನೇರವಾಗಿ ದ್ವಿತೀಯ ಪಿಯುಸಿ ಪರೀಕ್ಷೆ ಬರೆಯುವುದು ಇದು. ಅರ್ಜಿಯಲ್ಲಿ 'ಖಾಸಗಿ ಅಭ್ಯರ್ಥಿ' ಎಂದಿರುತ್ತದೆ. ಎಸ್‌ಎಸ್‌ಎಲ್‌ಸಿ ಪಾಸಾಗಿರಬೇಕು, 17 ವರ್ಷ ತುಂಬಿರಬೇಕು. ಪರೀಕ್ಷೆ ನಡೆಸುವುದು ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ. ಕೈಗೆ ಬರುವುದು ಕಾಲೇಜಿಗೆ ಹೋದವರಿಗೆ ಕೊಡುವ ಮಂಡಳಿಯದೇ ಅಂಕಪಟ್ಟಿ. ಎರಡು ಭಾಷೆ, ನಾಲ್ಕು ಐಚ್ಛಿಕ ವಿಷಯ, ಒಟ್ಟು 600 ಅಂಕ.

ಇದರ ದೊಡ್ಡ ಬಲ ಕನ್ನಡ ಮಾಧ್ಯಮ. ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಅರ್ಥಶಾಸ್ತ್ರಗಳನ್ನು ಕನ್ನಡದಲ್ಲೇ ಓದಿ ಕನ್ನಡದಲ್ಲೇ ಬರೆಯಬಹುದು. ಹಳೆಯ ಪ್ರಶ್ನೆಪತ್ರಿಕೆ, ಗೈಡು, ನೋಟ್ಸ್ ಯಾವ ತಾಲ್ಲೂಕು ಕೇಂದ್ರದ ಪುಸ್ತಕದಂಗಡಿಯಲ್ಲೂ ಸಿಗುತ್ತವೆ. ಹತ್ತು ವರ್ಷ ಪುಸ್ತಕ ಮುಟ್ಟದೆ ಇದ್ದವರಿಗೆ ಇದು ಸಣ್ಣ ವಿಷಯವಲ್ಲ. ಎರಡನೆಯ ಬಲ, ರಾಜ್ಯದ ಕಾಲೇಜುಗಳ ಗುಮಾಸ್ತರಿಗೆ ಈ ಅಂಕಪಟ್ಟಿ ದಿನಾ ನೋಡುವಂಥದ್ದು. ಅದನ್ನು ಮುಂದಿಟ್ಟಾಗ "ಇದು ಯಾವ ಬೋರ್ಡು?" ಎಂಬ ಪ್ರಶ್ನೆಯೇ ಏಳುವುದಿಲ್ಲ.

ಕೊರತೆಯೂ ಅಷ್ಟೇ ಸ್ಪಷ್ಟ. ಪ್ರಾಯೋಗಿಕ ಪರೀಕ್ಷೆ ಇರುವ ವಿಷಯ ತೆಗೆದುಕೊಳ್ಳುವಂತಿಲ್ಲ, ಅಂದರೆ ವಿಜ್ಞಾನ ವಿಭಾಗದ ಬಾಗಿಲು ಮುಚ್ಚಿದೆ. ಕಲೆ, ವಾಣಿಜ್ಯ ಮಾತ್ರ. ಅರ್ಜಿಯನ್ನು ಬೇಸಿಗೆಯ ಪರೀಕ್ಷೆಗೆ ಹಿಂದಿನ ವರ್ಷವೇ, ನಿಗದಿಪಡಿಸಿದ ಪದವಿಪೂರ್ವ ಕಾಲೇಜಿನ ಮೂಲಕ ಹಾಕಬೇಕು. ಎಷ್ಟೋ ಜನ ಜನವರಿಯಲ್ಲಿ ನೆನಪಿಸಿಕೊಂಡು ಹೋಗಿ ವಾಪಸ್ ಬರುವುದು ಇಲ್ಲೇ. ಒಂದೇ ವರ್ಷದಲ್ಲಿ ಮತ್ತೆ ಬರೆಯುವ ಅವಕಾಶ 2024ರಿಂದ ಸುಧಾರಿಸಿದೆ. ಹಳೆಯ 'ಸಪ್ಲಿಮೆಂಟರಿ' ಹೋಗಿ ಪರೀಕ್ಷೆ-1, ಪರೀಕ್ಷೆ-2 ಎಂದು ಬಂದಿದೆ, ಬಿದ್ದ ವಿಷಯವನ್ನಷ್ಟೇ ಕಟ್ಟಿದರೆ ಸಾಕು.

ವಾಣಿಜ್ಯ ಆರಿಸುವವರಿಗೆ ಒಂದು ಮಾತು. ಲೆಕ್ಕಶಾಸ್ತ್ರವನ್ನು ಗೈಡು ಓದಿ ಪಾಸು ಮಾಡಲು ಆಗುವುದಿಲ್ಲ. ದಿನಕ್ಕೆ ಒಂದು ಲೆಕ್ಕವನ್ನಾದರೂ ಪೆನ್ನು ಹಿಡಿದು, ಕೋಷ್ಟಕ ಗೀಟು ಹಾಕಿ ಪೂರ್ತಿ ಬಿಡಿಸಬೇಕು. ಒಂಟಿಯಾಗಿ ಓದುವವರು ಬೀಳುವುದು ಪಾಲುದಾರಿಕೆಯ ಅಧ್ಯಾಯಗಳಲ್ಲಿ. ಕಾರಣ, ಒಂದು ಕಡೆ ತಪ್ಪಿದರೆ ಎಲ್ಲಿ ತಪ್ಪಿತೆಂದು ತೋರಿಸುವವರು ಪಕ್ಕದಲ್ಲಿ ಇರುವುದಿಲ್ಲ. ವಾರಕ್ಕೆ ಎರಡು ಗಂಟೆ ಯಾರಾದರೂ ಬಿ.ಕಾಂ ಓದಿದವರ ಹತ್ತಿರ ಕೂರಲು ಆಗದಿದ್ದರೆ ಕಲಾ ವಿಭಾಗ ತೆಗೆದುಕೊಳ್ಳಿ.

ಎನ್‌ಐಒಎಸ್

ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ 1989ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಮಂಡಳಿ. ಪ್ರಾದೇಶಿಕ ಕೇಂದ್ರ ಬೆಂಗಳೂರಿನಲ್ಲಿದೆ. 'ಓಪನ್ ಸ್ಕೂಲ್' ಎಂಬ ಹೆಸರು ಕೇಳಿ ಇದನ್ನು ಎರಡನೇ ದರ್ಜೆ ಎಂದುಕೊಳ್ಳುವವರು ಈಗಲೂ ಇದ್ದಾರೆ. ಅದು ತಪ್ಪು. ಇದು ಸಿಬಿಎಸ್‌ಇಯಂತೆಯೇ ರಾಷ್ಟ್ರಮಟ್ಟದ ಮಾನ್ಯ ಮಂಡಳಿ.

ಇಲ್ಲಿ ಐದು ವಿಷಯ ಸಾಕು, ಅದರಲ್ಲಿ ಕನಿಷ್ಠ ಒಂದು ಭಾಷೆ ಇರಬೇಕು. ಪಾಸಾಗಲು ಪ್ರತಿ ವಿಷಯದಲ್ಲಿ ಶೇ. 33. ಸಾರ್ವಜನಿಕ ಪರೀಕ್ಷೆ ವರ್ಷಕ್ಕೆ ಎರಡು ಸಲ, ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರ್. ಒಮ್ಮೆ ಸೇರಿದರೆ ನೋಂದಣಿ ಐದು ವರ್ಷ ಜೀವಂತ, ಒಟ್ಟು ಒಂಬತ್ತು ಅವಕಾಶ. ಐದನ್ನೂ ಒಟ್ಟಿಗೆ ಬರೆಯಬೇಕಿಲ್ಲ. ಈ ಸಲ ಎರಡು, ಮುಂದಿನ ಸಲ ಎರಡು ಎಂದು ಹಂಚಿಕೊಳ್ಳಬಹುದು. ಪಾಳಿಯಲ್ಲಿ ದುಡಿಯುವವರಿಗೆ, ಚಿಕ್ಕ ಮಕ್ಕಳಿರುವ ತಾಯಂದಿರಿಗೆ ಇದಕ್ಕಿಂತ ಹೊಂದುವ ವ್ಯವಸ್ಥೆ ಇನ್ನೊಂದಿಲ್ಲ.

ವಿಜ್ಞಾನ ಬೇಕಾದವರಿಗಂತೂ ಕಾಲೇಜಿಗೆ ಹೋಗದೆ ಇರುವ ದಾರಿ ಇದೇ. ಭೌತಶಾಸ್ತ್ರ (312), ರಸಾಯನಶಾಸ್ತ್ರ (313), ಜೀವಶಾಸ್ತ್ರ (314), ಗಣಿತ (311), ಇಂಗ್ಲಿಷ್ (302) ಎಂದು ತೆಗೆದುಕೊಂಡರೆ ಎಂಜಿನಿಯರಿಂಗ್, ನರ್ಸಿಂಗ್, ಬಿ.ಎಸ್ಸಿ ಎಲ್ಲಕ್ಕೂ ಬಾಗಿಲು ತೆರೆದಿರುತ್ತದೆ. ಆದರೆ ಅಧ್ಯಯನ ಕೇಂದ್ರ ಆರಿಸುವಾಗ ಮನೆಗೆ ಹತ್ತಿರ ಇದೆಯೇ ಎಂದಷ್ಟೇ ನೋಡಬೇಡಿ, ಲ್ಯಾಬ್ ಇದೆಯೇ ಎಂದು ಹೋಗಿ ಕಣ್ಣಾರೆ ನೋಡಿ. ಥಿಯರಿ ಮತ್ತು ಪ್ರಾಕ್ಟಿಕಲ್ ಎರಡನ್ನೂ ಬೇರೆಬೇರೆಯಾಗಿ ಪಾಸು ಮಾಡಬೇಕು. ಪ್ರಾಕ್ಟಿಕಲ್ ದಿನ ತಪ್ಪಿಸಿದರೆ ಥಿಯರಿಯಲ್ಲಿ ಎಷ್ಟು ಬಂದರೂ ಆ ವಿಷಯ ಹೋಯಿತು.

ಟಿಎಂಎ ಎಂಬ ಅಸೈನ್‌ಮೆಂಟ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಕೈಗೆ ಬಂದ ಅಂಕ ಜಾರುವುದು ಇಲ್ಲಿ. ಪ್ರತಿ ವಿಷಯಕ್ಕೆ ಆರು ಪ್ರಶ್ನೆಯ ಒಂದು ಪತ್ರಿಕೆ, ಅದಕ್ಕೆ ಶೇ. 20 ತೂಕ. ಪ್ರಶ್ನೆಗಳು ಎನ್‌ಐಒಎಸ್ ಜಾಲತಾಣದಲ್ಲಿರುತ್ತವೆ. ಕೈಬರಹದಲ್ಲಿ ಬರೆದು, ಸ್ಕ್ಯಾನ್ ಮಾಡಿ, ನಿಗದಿತ ದಿನದೊಳಗೆ ಅಪ್‌ಲೋಡ್ ಮಾಡಬೇಕು. ಮೂರು ಬಗೆಯ ತಪ್ಪು ಮತ್ತೆ ಮತ್ತೆ ಆಗುತ್ತದೆ: ಹಿಂದಿನ ಸಾಲಿನ ಪ್ರಶ್ನೆಗಳಿಗೆ ಉತ್ತರ ಬರೆಯುವುದು, ಮೊಬೈಲ್ ಫೋಟೋ ಮಂಕಾಗಿ ಮೌಲ್ಯಮಾಪಕರಿಗೆ ಓದಲು ಬರದಂತಾಗುವುದು, ಕೊನೆಯ ದಿನ ಸರ್ವರ್ ನಿಧಾನವಾಗಿ ಅಪ್‌ಲೋಡ್ ಅರ್ಧಕ್ಕೇ ನಿಲ್ಲುವುದು. ಕೊನೆಯ ದಿನಕ್ಕೆ ಎರಡು ವಾರ ಮುಂಚೆ ಕೆಲಸ ಮುಗಿಸಿ, ಅಪ್‌ಲೋಡ್ ಆದ ಪುಟದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ಮಾಧ್ಯಮದ ತೊಡಕನ್ನು ಮುಚ್ಚಿಡಬಾರದು. 10ನೇ ತರಗತಿಗೆ ಎನ್‌ಐಒಎಸ್‌ನಲ್ಲಿ ಕನ್ನಡ ಮಾಧ್ಯಮ ಇದೆ. 12ಕ್ಕೆ ಬಂದಾಗ ನಮ್ಮ ವಿದ್ಯಾರ್ಥಿಗಳು ಓದುವುದು ಬಹುತೇಕ ಇಂಗ್ಲಿಷ್‌ನಲ್ಲೇ. ಕನ್ನಡ ಮಾಧ್ಯಮದಿಂದ ಬಂದವರು ಮೊದಲ ಆರು ತಿಂಗಳು ಬೇರೆ ವಿಷಯ ಬದಿಗಿಟ್ಟು ಇಂಗ್ಲಿಷ್ ಬರವಣಿಗೆಗೇ ಸಮಯ ಕೊಡಬೇಕಾಗುತ್ತದೆ. ಅಷ್ಟು ವ್ಯವಧಾನ ಇಲ್ಲದವರು, ಗುರಿ ಬಿ.ಎ ಆಗಿದ್ದವರು, ಎನ್‌ಐಒಎಸ್‌ಗೆ ಹೋಗುವ ಅಗತ್ಯವೇ ಇಲ್ಲ.

ಇನ್ನೊಂದು ನಿಯಮ ತಿಳಿಯದೆ ಹಲವರು ಒಂದು ವರ್ಷ ಕಳೆದುಕೊಳ್ಳುತ್ತಾರೆ. 10 ಮತ್ತು 12ರ ನಡುವೆ ಎರಡು ವರ್ಷದ ಅಂತರ ಬೇಕೇಬೇಕು. 10 ಪಾಸಾದ ಮರುವರ್ಷವೇ ಸೇರಿದರೆ ಮೊದಲ ವರ್ಷ ನಾಲ್ಕು ವಿಷಯದವರೆಗೆ ಬರೆಯಬಹುದು, ಐದನೆಯದಕ್ಕೆ ಕಾಯಬೇಕು. "10, 12 ಎರಡೂ ಒಂದೇ ವರ್ಷದಲ್ಲಿ" ಎಂದು ಬೋರ್ಡು ಹಾಕಿಕೊಂಡವರನ್ನು ಅಳೆಯಲು ಇದೇ ಮಾಪನ. ಆ ಮಾತು ಹೇಳಿದವರು ಒಂದೋ ನಿಯಮ ಗೊತ್ತಿಲ್ಲದವರು, ಇಲ್ಲವೇ ಬೆಲೆಯಿಲ್ಲದ ಬೋರ್ಡಿನ ಕಾಗದ ಕೊಡುವವರು. ನೋಂದಣಿ, ಶುಲ್ಕ ಎಲ್ಲವೂ ಎನ್‌ಐಒಎಸ್ ಜಾಲತಾಣದಲ್ಲೇ ಆಗುತ್ತದೆ. ನಡುವೆ ಯಾರಿಗೂ ಸಾವಿರಾರು ರೂಪಾಯಿ ಕೊಡುವ ಕೆಲಸವಿಲ್ಲ. ಹೆಸರೇ ಕೇಳಿರದ ಬೋರ್ಡಾದರೆ, ಅದು ಭಾರತೀಯ ಶಾಲಾ ಶಿಕ್ಷಣ ಮಂಡಳಿಗಳ ಒಕ್ಕೂಟವಾದ ಕೋಬ್ಸೆಯ ಸದಸ್ಯರ ಪಟ್ಟಿಯಲ್ಲಿದೆಯೇ ಎಂದು ನೋಡದೆ ಒಂದು ರೂಪಾಯಿಯನ್ನೂ ಕಟ್ಟಬೇಡಿ.

ಪಿಯುಸಿ ಫೇಲಾದವರ ಲೆಕ್ಕ ಬೇರೆ

ಇವರಿಗೆ ಎನ್‌ಐಒಎಸ್ 'ಟಿಒಸಿ' ಕೊಡುತ್ತದೆ: ಹಿಂದಿನ ಮಂಡಳಿಯಲ್ಲಿ ಪಾಸಾದ ವಿಷಯಗಳಲ್ಲಿ ಎರಡರ ಅಂಕವನ್ನು ಇಲ್ಲಿಗೆ ವರ್ಗಾಯಿಸಿಕೊಳ್ಳಬಹುದು. ಎರಡಕ್ಕಿಂತ ಹೆಚ್ಚಿಲ್ಲ. ಆ ವಿಷಯ ಎನ್‌ಐಒಎಸ್ ಪಟ್ಟಿಯಲ್ಲೂ ಇರಬೇಕು. ಅಂದರೆ ಐದರಲ್ಲಿ ಎರಡು ಬಂದರೂ ಮೂರನ್ನು ಹೊಸದಾಗಿ ಬರೆಯಲೇಬೇಕು.

ಹಾಗಾಗಿ ಆರರಲ್ಲಿ ಒಂದೋ ಎರಡೋ ವಿಷಯ ಹೋಗಿದ್ದರೆ ಪಿಯು ಮಂಡಳಿಯಲ್ಲೇ ಪುನರಾವರ್ತಿತ ಅಭ್ಯರ್ಥಿಯಾಗಿ ಕಟ್ಟಿ ಮುಗಿಸಿ. ಖರ್ಚೂ ಕಡಿಮೆ, ಶ್ರಮವೂ ಕಡಿಮೆ. ಮೂರು ಹೋಗಿದ್ದರೆ ಎರಡೂ ಕಡೆ ಸರಿಸಮ. ನಾಲ್ಕು ಅಥವಾ ಹೆಚ್ಚು ಹೋಗಿದ್ದರೆ ಎನ್‌ಐಒಎಸ್ ಲಾಭ. ಅದರಲ್ಲೂ ಪಠ್ಯಕ್ರಮ ಬದಲಾಗುವಷ್ಟು ಹಳೆಯ ಫೇಲಾದರೆ ಯೋಚಿಸುವುದೇ ಬೇಡ. ಟಿಒಸಿ ಬೇಕೆಂದು ಅರ್ಜಿ ತುಂಬುವಾಗಲೇ ಗುರುತು ಹಾಕಿ, ಹಳೆಯ ಅಂಕಪಟ್ಟಿಯನ್ನು ಅದರ ಜೊತೆಗೇ ಕೊಡಬೇಕು.

ಪಾಸು ಸಾಲದು, ಅಂಕ ಬೇಕು

ಎರಡು ಮಂಡಳಿಯ ಪಾಸ್ ಗೆರೆಯಲ್ಲಿ ಈಗ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ಡಿಗ್ರಿಗೆ ಹೋಗುವಾಗ ಲೆಕ್ಕಕ್ಕೆ ಬರುವುದು ಬೇರೆ ಗೆರೆ. ಐದು ವರ್ಷದ ಕಾನೂನು ಪದವಿಗೆ ಸಾಮಾನ್ಯ ವರ್ಗಕ್ಕೆ ಶೇ. 45, ಪರಿಶಿಷ್ಟ ಜಾತಿ-ಪಂಗಡಕ್ಕೆ ಶೇ. 40 ಬೇಕು. ಎಂಜಿನಿಯರಿಂಗ್‌ಗೆ ಸಂಬಂಧಪಟ್ಟ ವಿಷಯಗಳಲ್ಲಿ ಶೇ. 45, ಮೀಸಲಾತಿ ವರ್ಗಕ್ಕೆ ಶೇ. 40. ಬಿ.ಎಸ್ಸಿ ನರ್ಸಿಂಗ್‌ಗೂ ಸಾಮಾನ್ಯ ವರ್ಗಕ್ಕೆ ಶೇ. 45, ಜೊತೆಗೆ ಇಂಗ್ಲಿಷ್ ಪಾಸಾಗಿರಬೇಕು. ಬಿ.ಎ, ಬಿ.ಕಾಂಗೆ ಪಾಸಾಗಿದ್ದರೆ ಸಾಮಾನ್ಯವಾಗಿ ಸೀಟು ಸಿಗುತ್ತದೆ. ಎನ್‌ಐಒಎಸ್‌ನಲ್ಲಿ ಸುಲಭ ಎಂದು ಚಿತ್ರಕಲೆ, ಗೃಹವಿಜ್ಞಾನ, ಡೇಟಾ ಎಂಟ್ರಿ ಆರಿಸಿ ಶೇ. 70 ತೆಗೆದವರು ಬಿ.ಎಸ್ಸಿ ಕೌಂಟರಿನಲ್ಲಿ ನಿಲ್ಲಲೂ ಆಗುವುದಿಲ್ಲ. ಆ ವಿಷಯಗಳು ಕೆಟ್ಟವಲ್ಲ. ಅವುಗಳ ಜೊತೆ ಬೇಕಾದ ಡಿಗ್ರಿಯ ಮೂಲ ವಿಷಯಗಳೂ ಇರಬೇಕು, ಅಷ್ಟೇ.

12 ಇಲ್ಲದೆಯೇ ಡಿಗ್ರಿ?

ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ (ಇಗ್ನೋ) ಬಿಪಿಪಿ ಎಂಬ ಆರು ತಿಂಗಳ ಪೂರ್ವಸಿದ್ಧತಾ ಕೋರ್ಸನ್ನು ಪಿಯುಸಿ ಮಾಡದವರಿಗಾಗಿ ರೂಪಿಸಲಾಯಿತು. ಅದನ್ನು ಮುಗಿಸಿ ಇಗ್ನೋದಲ್ಲೇ ಪದವಿಗೆ ಸೇರಿದವರಿದ್ದಾರೆ. ಆದರೆ ಅದು 12ನೇ ತರಗತಿಗೆ ಸಮಾನವಲ್ಲ. ಭಾರತೀಯ ವಕೀಲರ ಪರಿಷತ್ತಿನ 2008ರ ನಿಯಮಗಳು ಮೂಲ ಶಿಕ್ಷಣವಿಲ್ಲದೆ ನೇರವಾಗಿ ಮುಕ್ತ ವಿಶ್ವವಿದ್ಯಾಲಯದಿಂದ ಪದವಿ ಪಡೆದವರಿಗೆ ಕಾನೂನು ಕೋರ್ಸಿನ ಪ್ರವೇಶವನ್ನೇ ನಿರಾಕರಿಸುತ್ತವೆ. 10, 12ನ್ನು ಎನ್‌ಐಒಎಸ್‌ನಲ್ಲಿ ಕ್ರಮವಾಗಿ ಮುಗಿಸಿದವರಿಗೆ ಈ ತಡೆ ಇಲ್ಲ. ಉಳಿಸಿದ ಒಂದೂವರೆ ವರ್ಷಕ್ಕಾಗಿ ಜೀವನವಿಡೀ "ನಿಮ್ಮ ಪಿಯುಸಿ ಎಲ್ಲಿ?" ಎಂಬ ಪ್ರಶ್ನೆಗೆ ಉತ್ತರ ಹೇಳುತ್ತ ಕೂರುವುದು ಬೇಡ. 12 ಮುಗಿಸಿಯೇ ಮುಂದೆ ಹೋಗಿ.

ಆಮೇಲಿನ ಡಿಗ್ರಿ: ಕೆಎಸ್‌ಒಯು, ಇಗ್ನೋ, ರೆಗ್ಯುಲರ್

ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ (ಕೆಎಸ್‌ಒಯು) 1996ರದ್ದು. ಕನ್ನಡದಲ್ಲಿ ಬಿ.ಎ ಓದುವವರಿಗೆ ಇದೇ ಮೊದಲ ಆಯ್ಕೆ. ಇಗ್ನೋ ಪಠ್ಯ ಸಾಮಾನ್ಯವಾಗಿ ಇಂಗ್ಲಿಷ್, ಹಿಂದಿಯಲ್ಲಿ. ಅಲ್ಲಿ ಅಸೈನ್‌ಮೆಂಟ್‌ಗೆ ಶೇ. 30, ಜೂನ್ ಮತ್ತು ಡಿಸೆಂಬರ್ ಪರೀಕ್ಷೆಗೆ ಶೇ. 70. ಅಸೈನ್‌ಮೆಂಟ್ ಕೊಡದೆ ಪರೀಕ್ಷೆ ಬರೆದವರ ಫಲಿತಾಂಶ ಅಪೂರ್ಣವಾಗಿಯೇ ಉಳಿಯುತ್ತದೆ. ರಾಜ್ಯದ ಮುಕ್ತ ವಿಶ್ವವಿದ್ಯಾಲಯದ ವ್ಯಾಪ್ತಿ ರಾಜ್ಯದೊಳಗೆ. ಹಾಗಾಗಿ ಮುಂಬೈ, ಹೊಸೂರು, ಕಾಸರಗೋಡಿನ ಕನ್ನಡಿಗರಿಗೆ ಹೊಂದುವುದು ಇಗ್ನೋ. ಎನ್‌ಐಒಎಸ್‌ಗೆ ಕೊಲ್ಲಿ ದೇಶಗಳಲ್ಲೂ ಕೇಂದ್ರಗಳಿರುವುದರಿಂದ, ಅಲ್ಲಿ ದುಡಿಯುವವರು 12ನ್ನು ಅಲ್ಲಿಂದಲೇ ಮುಗಿಸಬಹುದು.

ರೆಗ್ಯುಲರ್ ಕಾಲೇಜಿಗೆ ಎನ್‌ಐಒಎಸ್ ಅಂಕಪಟ್ಟಿ ಒಯ್ಯುವವರು ಜೊತೆಗೆ ಮೈಗ್ರೇಷನ್-ಕಮ್-ಟ್ರಾನ್ಸ್‌ಫರ್ ಸರ್ಟಿಫಿಕೇಟನ್ನೂ ಒಯ್ಯಬೇಕು. ಕಾಲೇಜಿನವರು "ಟಿಸಿ ಕೊಡಿ" ಎಂದಾಗ ಕೊಡಬೇಕಾದದ್ದು ಅದನ್ನೇ. ಹೊರ ಮಂಡಳಿಯವರಿಗೆ ವಿಶ್ವವಿದ್ಯಾಲಯಗಳು ಅರ್ಹತಾ ಪ್ರಮಾಣಪತ್ರವನ್ನೂ ಕೇಳುವುದುಂಟು, ಅರ್ಜಿ ಹಾಕುವ ಮೊದಲೇ ವಿಚಾರಿಸಿಕೊಳ್ಳಿ. ಸಿಇಟಿಗೆ ಏಳು ವರ್ಷ ಕರ್ನಾಟಕದಲ್ಲಿ ಓದಿರಬೇಕೆಂಬ ನಿಯಮ ಕಂಡು ಹೆದರುವುದು ಬೇಡ. 1ರಿಂದ 10ರವರೆಗೆ ಇಲ್ಲೇ ಓದಿ ಎಸ್‌ಎಸ್‌ಎಲ್‌ಸಿ ಇಲ್ಲೇ ಪಾಸಾಗಿದ್ದರೆ ಆ ಲೆಕ್ಕ ಅಲ್ಲೇ ತುಂಬಿರುತ್ತದೆ. ಆ ಶಾಲೆಯ ವ್ಯಾಸಂಗ ಪ್ರಮಾಣಪತ್ರ ತೆಗೆದಿಟ್ಟುಕೊಳ್ಳಿ.

ಸಮಯದ ಹೊಂದಾಣಿಕೆಯನ್ನೂ ನೋಡಿ. ಎನ್‌ಐಒಎಸ್ ಏಪ್ರಿಲ್ ಪರೀಕ್ಷೆಯ ಫಲಿತಾಂಶ ಬರುವ ಹೊತ್ತಿಗೆ ರಾಜ್ಯದ ಡಿಗ್ರಿ ಪ್ರವೇಶ ಅರ್ಧ ಮುಗಿದಿರುವ ಸಾಧ್ಯತೆ ಹೆಚ್ಚು. ರೆಗ್ಯುಲರ್ ಸೀಟು ಬೇಕಾದವರು ಹಿಂದಿನ ಅಕ್ಟೋಬರ್‌ನಲ್ಲೇ ಮುಗಿಸುವಂತೆ ಯೋಜಿಸಿಕೊಳ್ಳಿ.

ಕೊನೆಯದಾಗಿ ಹೆಸರು. ನಮ್ಮ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಇರುತ್ತದೆ, ಆಧಾರ್‌ನಲ್ಲಿ ತಂದೆಯ ಪೂರ್ತಿ ಹೆಸರೋ ಊರ ಹೆಸರೋ ಸೇರಿರುತ್ತದೆ. ದೂರಶಿಕ್ಷಣದ ಡಿಗ್ರಿಗೆ ಈಗ ಯುಜಿಸಿಯ ದೂರಶಿಕ್ಷಣ ವಿಭಾಗ ಕೊಡುವ ಡೆಬ್ ಐಡಿ ಕಡ್ಡಾಯ, ಅದಕ್ಕೆ ಮೊದಲು ವಿದ್ಯಾರ್ಥಿಯ ಕ್ರೆಡಿಟ್‌ಗಳನ್ನು ಜಮೆ ಮಾಡುವ ಆನ್‌ಲೈನ್ ಖಾತೆಯಾದ ಎಬಿಸಿಯ ಐಡಿ ಬೇಕು, ಅದು ಆಧಾರ್‌ನಲ್ಲಿರುವ ಹೆಸರನ್ನೇ ಎತ್ತಿಕೊಳ್ಳುತ್ತದೆ. ಎರಡೂ ತಾಳೆಯಾಗದಿದ್ದರೆ ಪ್ರವೇಶ ಅಲ್ಲೇ ನಿಲ್ಲುತ್ತದೆ. ಎಸ್‌ಎಸ್‌ಎಲ್‌ಸಿಯಲ್ಲಿ ತಿದ್ದಿಸುವುದು ತಿಂಗಳುಗಟ್ಟಲೆಯ ಕೆಲಸ, ಆಧಾರ್ ತಿದ್ದಿಸುವುದು ಅದಕ್ಕಿಂತ ಬೇಗ ಆಗುತ್ತದೆ. 12ನೇ ತರಗತಿಯ ಅರ್ಜಿ ತುಂಬುವ ಮುಂಚೆಯೇ ಆಧಾರ್ ಹೆಸರನ್ನು ಎಸ್‌ಎಸ್‌ಎಲ್‌ಸಿಯಲ್ಲಿ ಇರುವಂತೆಯೇ, ಅಕ್ಷರ ಅಕ್ಷರ ನೋಡಿ ಸರಿಪಡಿಸಿಕೊಳ್ಳಿ.