ಗ್ರಾಫಿಕ್ ವಿನ್ಯಾಸ ಕಲಿಯಲು: ಕಾಲೇಜೋ, ಮುದ್ರಣಾಲಯವೋ?

1961ರಲ್ಲಿ ಅಹಮದಾಬಾದಿನಲ್ಲಿ ಆರಂಭವಾದ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಂಥ ಕಡೆ ನಾಲ್ಕು ವರ್ಷದ ಪದವಿಗೆ ಸೇರುವುದೋ, ಊರಿನ ಮುದ್ರಣಾಲಯದಲ್ಲಿ ಡಿಟಿಪಿ (ಕಂಪ್ಯೂಟರಿನಲ್ಲಿ ಅಕ್ಷರ, ಪುಟ ಜೋಡಿಸುವ ಕೆಲಸ) ಮಾಡುತ್ತ ಕಲಿಯುವುದೋ ಎಂದು ಯೋಚಿಸುವವರು ಒಂದನ್ನು ಗಮನಿಸಬೇಕು: ಎರಡೂ ಕಡೆ ಕಲಿಸಲು ಬರುವುದು ಕಣ್ಣಿನ ಶಿಸ್ತೇ ಹೊರತು ಹೊಳಹಲ್ಲ.

ಕಾಲೇಜಿನಲ್ಲಿ, ಮಾಡಿದ್ದನ್ನು ಗೋಡೆಗೆ ಅಂಟಿಸಿ, ಸಹಪಾಠಿಗಳ ಟೀಕೆ ಕೇಳಿ, ಮತ್ತೆ ಮೊದಲಿನಿಂದ ಮಾಡುವ ಅಭ್ಯಾಸ ಬೆಳೆಯುತ್ತದೆ. ನನ್ನ ಮಟ್ಟಿಗೆ ಶುಲ್ಕ ಸಾರ್ಥಕವಾಗುವುದು ಅಲ್ಲಿಯೇ. ಮುದ್ರಣಾಲಯದಲ್ಲಿ ಅಷ್ಟು ಪುರುಸೊತ್ತಿಲ್ಲ. ಆದರೆ ಇಂಗ್ಲಿಷಿಗೆ ಸಾಕಾಗುವಷ್ಟೇ ಅಂತರವನ್ನು ಕನ್ನಡದ ಸಾಲುಗಳಿಗೂ ಕೊಟ್ಟರೆ ‘ರಾಷ್ಟ್ರ’ದ ಒತ್ತಕ್ಷರಗಳು ಕೆಳಸಾಲಿನ ಗುಡಿಸಿಗೆ ತಾಗುತ್ತವೆ ಎಂಬುದು, ಮದುವೆ ಕರೆಯೋಲೆಯ ಕರಡು ತಿದ್ದುವಾಗ ಮನದಟ್ಟಾದಷ್ಟು ಪಾಠದಲ್ಲಿ ಆಗದು. ಪರದೆಯ ಕಡುನೀಲಿ ಕಾಗದದ ಮೇಲೆ ನೇರಳೆಗೆ ತಿರುಗುವ ಸಂಕಟವೂ ಹಾಗೆಯೇ.

ಚಿತ್ರ ಬರೆಯುವ ರೂಢಿಯೂ ಹಣದ ಅನುಕೂಲವೂ ಇದ್ದವರಿಗೆ ಕಾಲೇಜನ್ನೇ ಸೂಚಿಸುತ್ತೇನೆ. ಉಳಿದವರು ಮುದ್ರಣಾಲಯಕ್ಕೆ ಸೇರಿ, ಟೀಕಿಸಬಲ್ಲ ಹಿರಿಯರೊಬ್ಬರನ್ನು ಹುಡುಕಿಕೊಳ್ಳುವುದು ಒಳ್ಳೆಯದು.