ಸೋಪಿನ ಪುಡಿ ಮುಗಿಯಿತು, ಕವರ್ ಮುಗಿಯಲಿಲ್ಲ

ಮೊದಲೇ ಹೇಳಿಬಿಡುತ್ತೇನೆ: ಈಗ ನಮ್ಮ ಮನೆಯಲ್ಲಿ ಬಟ್ಟೆ ಒಗೆಯಲು ಇರುವುದು ರಟ್ಟಿನ ಡಬ್ಬಿಯಲ್ಲಿ ಬರುವ ಪುಡಿ. ಮುಂದೆಯೂ ಅದೇ. ಅಲ್ಲಿಗೆ ಬಂದು ನಿಲ್ಲಲು ನನಗೆ ಒಂದು ವರ್ಷಕ್ಕಿಂತ ಹೆಚ್ಚೇ ಹಿಡಿಯಿತು. ಅಷ್ಟರಲ್ಲಿ ಬೇರೆ ಬೇರೆ ಬಗೆ ತಂದು, ಬಳಸಿ, ಬಿಟ್ಟೆ. ಎಲ್ಲದರ ಮೇಲೂ ‘ಪರಿಸರಸ್ನೇಹಿ’ ಎಂದು ಬರೆದಿತ್ತು. ಕೊಳೆ ಹೋಗುತ್ತದೆಯೇ, ಪರಿಮಳ ಹೇಗಿದೆ ಎಂಬುದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಯಾವುದರಲ್ಲೂ ಅಂಥ ದೂರಿಲ್ಲ. ಒಳಗಿನದು ಮುಗಿದ ಮೇಲೆ ಕೈಯಲ್ಲಿ ಉಳಿಯುವ ಖಾಲಿ ಕವರ್ ಎಲ್ಲಿಗೆ ಹೋಗುತ್ತದೆ ಎನ್ನುವುದಷ್ಟೇ ನನ್ನ ಪ್ರಶ್ನೆ.

ಶುರುವಾದದ್ದು ಕಂದು ಕಾಗದದ ಪೌಚಿನಿಂದ. ಹೊಳಪಿಲ್ಲದ, ಮುಟ್ಟಿದರೆ ದೊರಗು ದೊರಗಾದ ಕಾಗದ; ಮೇಲೆ ಹಸಿರು ಶಾಯಿಯಲ್ಲಿ ಒಂದು ಎಲೆ. ಕಾಗದವೇ ಅಂತ ನಂಬಿ ತಂದೆ. ಖಾಲಿಯಾದಾಗಲೆಲ್ಲ ಮಡಚಿ ಹಳೆ ಪೇಪರಿನ ಕಟ್ಟಿಗೆ ಸೇರಿಸಿದೆ. ನಾಲ್ಕು ಪೌಚು ಹಾಗೇ ಹೋದವು. ಐದನೆಯದನ್ನು ಒಣ ಕಸ ಒಯ್ಯುವವರು ಕಟ್ಟಿನಿಂದ ಎಳೆದು ವಾಪಸು ಕೊಟ್ಟರು. “ಇದು ಪೇಪರ್ ಅಲ್ಲಕ್ಕ, ಹರಿದು ನೋಡಿ” ಅಂದರು.

ಹರಿದೆ. ಕಾಗದ ಸರ್ರನೆ ಹರಿಯಿತು, ಒಳಗಿನ ಪದರ ಹರಿಯಲಿಲ್ಲ. ಜಗ್ಗಿದಷ್ಟೂ ಹಿಗ್ಗಿಕೊಂಡು ಬಂತು. ಅವತ್ತು ರಾತ್ರಿ ಪೌಚನ್ನು ಬಕೆಟ್ ನೀರಿನಲ್ಲಿ ಮುಳುಗಿಸಿಟ್ಟೆ. ಎರಡನ್ನೂ ಬಿಡಿಸಿದರೆ ಕಾಗದ ಕಾಗದಕ್ಕೆ, ಪ್ಲಾಸ್ಟಿಕ್ ಪ್ಲಾಸ್ಟಿಕ್ಕಿಗೆ ಹೋದೀತು ಎಂಬ ಆಸೆ. ಬೆಳಿಗ್ಗೆ ನೋಡಿದರೆ ಕಾಗದ ಮೆತ್ತಗಾಗಿತ್ತು, ಆದರೆ ಸಿಪ್ಪೆಯ ಹಾಗೆ ಸುಲಿದು ಬರಲಿಲ್ಲ. ಉಗುರಿನಿಂದ ಕೆರೆಯಬೇಕಾಯಿತು. ಅರ್ಧ ಗಂಟೆ ಕೆರೆದ ಮೇಲೆ ಬಕೆಟ್ಟಿನ ತಳದಲ್ಲಿ ಕಂದು ರಾಡಿ, ಕೈಯಲ್ಲಿ ಬೆಳ್ಳಿ ಬಣ್ಣದ ಹಾಳೆ, ಹಾಳೆಯ ಮೇಲೆ ಅಂಟಿಗೆ ಕಚ್ಚಿಕೊಂಡ ಕಾಗದದ ನಾರು. ಬಾಯಿಗೆ ಕೂರಿಸಿದ್ದ ಜಿಪ್ ಪಟ್ಟಿ ಬೇರೆ.

ಆ ಬೆಳ್ಳಿ ಪದರವನ್ನು ಸುಮ್ಮನೆ ಹಾಕಿರುವುದಿಲ್ಲ. ತೇವ ಕಾಗದದೊಳಗೆ ಸಲೀಸಾಗಿ ನುಗ್ಗುತ್ತದೆ, ಪುಡಿ ಅದನ್ನು ಎಳೆದುಕೊಂಡು ಹೆಂಟೆ ಕಟ್ಟುತ್ತದೆ. ಅದಕ್ಕೇ ಲೋಹದ ಲೇಪವಿರುವ ಪ್ಲಾಸ್ಟಿಕ್ ಫಿಲ್ಮ್ ಅಂಟಿಸುತ್ತಾರೆ. ಕಂಪನಿಗೆ ಬರೆದಾಗ ಅವರು ಹೇಳಿದ್ದೂ ಇದನ್ನೇ, ನಾನು ಒಪ್ಪುತ್ತೇನೆ. ನನಗೆ ಒಪ್ಪಿಗೆಯಾಗದಿರುವುದು ಹೊರಗಿನ ಕಾಗದ. ತೇವ ತಡೆಯುವುದು ಫಿಲ್ಮ್. ಕಾಗದ ಇರುವುದು ಬಹುಮಟ್ಟಿಗೆ ನೋಟಕ್ಕೆ. ಬರೀ ಫಿಲ್ಮ್ ಇದ್ದಿದ್ದರೆ ನಾನದನ್ನು ಪೇಪರಿನ ಕಟ್ಟಿಗೆ ಸೇರಿಸುತ್ತಲೇ ಇರಲಿಲ್ಲ. ಕಾಗದದ ಕಾರ್ಖಾನೆಯಲ್ಲಿ ಹಳೆ ಪೇಪರನ್ನು ನೀರಿನಲ್ಲಿ ಕದಡಿ ನಾರು ಬಿಡಿಸುತ್ತಾರೆ. ಇಂಥ ಪೌಚು ಅಲ್ಲಿ ಬಿದ್ದರೆ ಫಿಲ್ಮ್ ಜಾಲರಿಗೆ ಸಿಕ್ಕಿಕೊಂಡು, ತನ್ನ ಜೊತೆಗೆ ಒಳ್ಳೆ ನಾರನ್ನೂ ಕಸಕ್ಕೆ ಎಳೆದೊಯ್ಯುತ್ತದೆ. ಒಳ್ಳೆಯದಾಗಲಿ ಎಂದು ತಂದ ವಸ್ತುವನ್ನೇ ನಾಲ್ಕು ಸಲ ನನ್ನ ಕೈಯಾರೆ ಆ ಕಟ್ಟಿಗೆ ತುರುಕಿದೆನಲ್ಲ ಎಂಬ ಸಂಕಟ ಇನ್ನೂ ಹೋಗಿಲ್ಲ.

ಆಮೇಲೆ ತಂದದ್ದು ದ್ರವದ ರಿಫಿಲ್ ಪೌಚ್. ಇದಕ್ಕೆ ಕಾಗದದ ವೇಷವಿಲ್ಲ, ಅಷ್ಟರಮಟ್ಟಿಗೆ ಪ್ರಾಮಾಣಿಕ. ಬಾಟಲಿಗಿಂತ ಪ್ಲಾಸ್ಟಿಕ್ ಬಹಳ ಕಡಿಮೆ ಎಂದು ಬರೆದಿರುತ್ತಾರೆ, ತೂಕದ ಲೆಕ್ಕದಲ್ಲಿ ಅದು ನಿಜ ಕೂಡ. ತೊಂದರೆ ಇರುವುದು ಪದರಗಳಲ್ಲಿ. ಸಾಮಾನ್ಯವಾಗಿ ಹೊರಗೆ ಅಚ್ಚು ಹಾಕಲು ಪಿಇಟಿ (ನೀರಿನ ಬಾಟಲಿಯ ಪ್ಲಾಸ್ಟಿಕ್), ನಡುವೆ ನೈಲಾನ್ ಅಥವಾ ಅಲ್ಯೂಮಿನಿಯಂ, ಒಳಗೆ ಬಿಸಿಯಿಂದ ಅಂಚು ಬೆಸೆಯಲು ಪಾಲಿಎಥಿಲೀನ್. ಪಾಲಿಎಥಿಲೀನ್ 110ರಿಂದ 130 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕರಗುತ್ತದೆ, ಪಿಇಟಿ ಕರಗಲು ಸುಮಾರು 250 ಬೇಕು. ಒಟ್ಟಿಗೆ ಕರಗಿಸಿದರೆ ಒಂದಕ್ಕೊಂದು ಬೆರೆಯುವುದಿಲ್ಲ, ಬಿಡಿಸಿ ಕರಗಿಸೋಣವೆಂದರೆ ಅದು ಗಿಟ್ಟುವ ಕೆಲಸವಲ್ಲ. ಬರೀ ಪಾಲಿಎಥಿಲೀನಿನ ಪೌಚುಗಳೂ ಈಗ ಬರುತ್ತಿವೆ, ನನ್ನದು ಅದಾಗಿರಲಿಲ್ಲ. ಬೆನ್ನ ಮೇಲಿನ ತ್ರಿಕೋನದೊಳಗೆ 7 ಎಂದಿತ್ತು. ಬಾಣಗಳ ಆ ತ್ರಿಕೋನ ಕಂಡರೆ ಮರುಬಳಕೆಗೆ ಹೋಗುತ್ತದೆ ಅಂತಲೇ ನಾನು ಬಹಳ ಕಾಲ ತಿಳಿದಿದ್ದೆ. 1988ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಉದ್ಯಮದವರು ಅಂಕಿ ಇರುವ ಈ ಗುರುತನ್ನು ತಂದದ್ದು ಯಾವ ಬಗೆಯ ಪ್ಲಾಸ್ಟಿಕ್ ಎಂದು ತಿಳಿಸಲು. ಮರುಬಳಕೆಯ ಭರವಸೆ ಅದರಲ್ಲಿಲ್ಲ. 7 ಅಂದರೆ ‘ಇತರೆ’.

ಹಾಗಾಗಿ ಮತ್ತೆ ಗಟ್ಟಿ ಬಾಟಲಿಗೆ ಹೋದೆ. ತಳದಲ್ಲಿ 2 ಎಂದಿರುವ, ಬೆಳಕು ಹಾಯದ ಬಿಳಿ ಎಚ್‌ಡಿಪಿಇ, ಅಂದರೆ ಗಟ್ಟಿ ಬಗೆಯ ಪಾಲಿಎಥಿಲೀನಿನ ಬಾಟಲಿ. ಎರಡು ಸಲ ನೀರು ಹಾಕಿ ಕುಲುಕಿ, ಒಣಗಿಸಿ ಕೊಟ್ಟರೆ ಒಂದು ಮಾತೂ ಆಡದೆ ತೆಗೆದುಕೊಂಡು ಹೋಗುತ್ತಾರೆ, ಯಾಕೆಂದರೆ ಅದಕ್ಕೆ ಕೊಳ್ಳುವವರಿದ್ದಾರೆ. ಪೂರ್ತಿ ಮೈ ಮುಚ್ಚುವ ಲೇಬಲ್ ಇದ್ದರೆ ಕತ್ತರಿಸಿ ತೆಗೆಯಿರಿ. ಪಂಪ್ ಇರುವುದನ್ನು ಮಾತ್ರ ತರಬೇಡಿ. ಬಹುತೇಕ ಪಂಪುಗಳೊಳಗೆ ಉಕ್ಕಿನ ಸ್ಪ್ರಿಂಗ್, ಎರಡು ಮೂರು ಬಗೆಯ ಪ್ಲಾಸ್ಟಿಕ್ ಎಲ್ಲ ಒಟ್ಟಿಗೇ ಸಿಕ್ಕಿಕೊಂಡಿರುತ್ತವೆ. ಇನ್ನೊಂದು, ದ್ರವದಲ್ಲಿ ಹೆಚ್ಚಿನ ಪಾಲು ನೀರೇ. ಮನೆಯ ನಲ್ಲಿಯಲ್ಲಿ ಬರುವ ನೀರನ್ನು ದುಡ್ಡು ಕೊಟ್ಟು ಹೊತ್ತು ತರಲು ನನಗೆ ಮನಸ್ಸಿಲ್ಲ.

ತೆಳು ಹಾಳೆಗಳ ರೂಪದಲ್ಲಿ ಬರುವ ಡಿಟರ್ಜೆಂಟಿನ ಕವರ್ ಬರೀ ರಟ್ಟು, ಬಹಳ ಚೆಂದ. ಆದರೆ ಹಾಳೆಯನ್ನೇ ಹಿಡಿದಿಟ್ಟಿರುವುದು ಪಿವಿಎ ಎಂಬ ಕೃತಕ ಪಾಲಿಮರ್. ನೀರಿನಲ್ಲಿ ಕರಗಿತೆಂದ ಮಾತ್ರಕ್ಕೆ ಅದು ಕೊಳೆತುಹೋಯಿತು ಅಂತಲ್ಲ. ಕಣ್ಣಿಗೆ ಕಾಣುತ್ತಿದ್ದ ಕವರನ್ನು ಮೋರಿಗೆ ಬಿಟ್ಟಂತೆ ಅನಿಸಿತು. ಜೊತೆಗೆ ನಾನು ಬಳಸಿದ್ದರಲ್ಲಿ ಇದೇ ಎಲ್ಲಕ್ಕಿಂತ ದುಬಾರಿ.

‘ಕಾಂಪೋಸ್ಟ್ ಆಗುತ್ತದೆ’ ಎಂದಿದ್ದ ಒಂದು ಕವರನ್ನೂ ಮನೆಯ ಗೊಬ್ಬರದ ಡಬ್ಬಿಗೆ ಹಾಕಿ ನೋಡಿದೆ. ಎಂಟು ತಿಂಗಳ ನಂತರ ಗೊಬ್ಬರ ಜರಡಿ ಹಿಡಿದಾಗ ಅದರ ಮೇಲಿನ ಅಕ್ಷರಗಳನ್ನು ಓದಬಹುದಿತ್ತು. ಪಿಎಲ್‌ಎ ಎಂಬ ಆ ಪ್ಲಾಸ್ಟಿಕ್ ಬೇಗ ಕೊಳೆಯಲು 60 ಡಿಗ್ರಿಯ ಹತ್ತಿರದ ಬಿಸಿ ವಾರಗಟ್ಟಲೆ ಬೇಕು. ದೊಡ್ಡ ಘಟಕದಲ್ಲಿ ಸಿಗುತ್ತದೆ, ಮನೆಯ ಡಬ್ಬಿಯಲ್ಲಿ ಸಿಗುವುದಿಲ್ಲ.

ಇನ್ನು ನಮ್ಮ ರಟ್ಟಿನ ಡಬ್ಬಿ. ಒಳಗೆ ಪ್ಲಾಸ್ಟಿಕ್ ಚೀಲವಿಲ್ಲ, ಹೊರಗೆ ಮಿರುಗುವ ಫಿಲ್ಮ್ ಇಲ್ಲ. ಪುಡಿ ಹೆಂಟೆಯಾಗುವುದು ನಿಜ. ತಂದ ದಿನವೇ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಕ್ಕೆ ಸುರಿದಿಡುತ್ತೇನೆ, ಅಲ್ಲಿಗೆ ಆ ತೊಂದರೆ ಮುಗಿಯಿತು. ಖಾಲಿ ಡಬ್ಬಿಯ ಅಂಟು ಬಿಚ್ಚಿ ಚಪ್ಪಟೆ ಮಾಡಿದರೆ ಪೇಪರಿನ ಕಟ್ಟಿನಲ್ಲಿ ಒಂದು ಹಾಳೆಯಂತೆ ಕೂರುತ್ತದೆ. ಒಂದು ಬೇಸರವೆಂದರೆ ಪ್ರತಿ ಡಬ್ಬಿಯಲ್ಲೂ ಒಂದೊಂದು ಪ್ಲಾಸ್ಟಿಕ್ ಚಮಚ. ನನ್ನ ಹತ್ತಿರ ಈಗ ಆರಿವೆ, ಬೇಕಾಗಿರುವುದು ಒಂದೇ.

ನಾನು ವಾರಕ್ಕೆರಡು ಸಲ ಮೆಷಿನ್ ತುಂಬ ಬಟ್ಟೆ ಹಾಕುವವಳು. ಒಂದು ಸಲ ಒಗೆಯಲು ಬೀಳುವ ಖರ್ಚು ಲೆಕ್ಕ ಹಾಕಿದರೆ ನಾನು ಬಳಸಿದ್ದರಲ್ಲಿ ಪುಡಿಯೇ ಅಗ್ಗ. ತಣ್ಣೀರಿನಲ್ಲಿ ಕಪ್ಪು ಬಟ್ಟೆ ಹೆಚ್ಚು ಒಗೆಯುವವರಿಗೆ ಪುಡಿಯ ಬಿಳಿ ಕಲೆ ಕಿರಿಕಿರಿಯಾದೀತು. ಅವರು ಪೌಚನ್ನು ಬಿಟ್ಟು 2ರ ಬಾಟಲಿಯನ್ನೇ ತರಲಿ. ಕಂದು ಪೌಚನ್ನು ಅಂಗಡಿಯಲ್ಲಿ ಹರಿದು ನೋಡಲಾಗುವುದಿಲ್ಲ, ಅಂಚನ್ನು ನೋಡಬಹುದು. ನಿಜವಾದ ಕಾಗದದ ಚೀಲವನ್ನು ಮಡಚಿ ಅಂಟಿಸಿರುತ್ತಾರೆ ಅಥವಾ ಹೊಲಿದಿರುತ್ತಾರೆ. ಬರೀ ಕಾಗದ ಬಿಸಿಗೆ ಬೆಸೆದುಕೊಳ್ಳುವುದಿಲ್ಲ. ಅಂಚು ಚಪ್ಪಟೆಯಾಗಿ, ಗೀರು ಗೀರಾಗಿ ಒತ್ತಿ ಬೆಸೆದಿದ್ದರೆ ಒಳಗೆ ಪ್ಲಾಸ್ಟಿಕ್ ಇದೆ ಅಂತಲೇ ತಿಳಿಯಿರಿ.